ಟ್ಯಾಂಕಿನ ಪಕ್ಕಕ್ಕೆ ಐದು ಮಿಲಿಮೀಟರ್ ತಗಡು

ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತ ಲಾರಿಯ ಪಕ್ಕವನ್ನು ಒಮ್ಮೆ ಗಮನಿಸಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಖಾಲಿ ಜಾಗದಲ್ಲಿ ಎರಡು ಮೂರು ಕಬ್ಬಿಣದ ಪಟ್ಟಿಗಳು ಬ್ರಾಕೆಟ್‌ಗೆ ಜೋತುಬಿದ್ದಿರುತ್ತವೆ. ಬೈಕ್‌ ಸವಾರ ಜಾರಿ ಬಿದ್ದರೆ ಹಿಂದಿನ ಚಕ್ರದಡಿ ಸಿಲುಕದಿರಲಿ ಎಂದು ಹಾಕಿದ್ದು. ಲಾರಿಯ ಭಾರ ಹೊರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದೇ ಒಂದು ಅಪಾಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಗ್ಗದ ಏರ್ಪಾಡು ಅದು. 1943ರ ಬೇಸಿಗೆಯಲ್ಲಿ ಜರ್ಮನ್ ಸೇನೆ ತನ್ನ ಟ್ಯಾಂಕುಗಳ ಪಕ್ಕಕ್ಕೆ ಹೀಗೆಯೇ ಬ್ರಾಕೆಟ್ ಕೊಟ್ಟು ತೆಳು ಉಕ್ಕಿನ ತಗಡುಗಳನ್ನು ತೂಗುಹಾಕಿತು. ಜರ್ಮನ್ನರು ಅದನ್ನು ಶ್ಯುರ್ತ್ಸೆನ್ ಎಂದರು. ನಮ್ಮಲ್ಲಿ ಪ್ಲಾಸ್ಟಿಕ್ ಮಾದರಿ ಟ್ಯಾಂಕು ಕಟ್ಟುವ ಹುಡುಗರಿಗೂ ಕಂಪ್ಯೂಟರಿನಲ್ಲಿ ಟ್ಯಾಂಕ್ ಆಟ ಆಡುವವರಿಗೂ ಅದು ಸ್ಕರ್ಟ್ ಎಂದೇ ಪರಿಚಿತ.

ಎರಡನೇ ಮಹಾಯುದ್ಧದ ಚಿತ್ರಗಳನ್ನು ನೋಡಿದವರು ಈ ತಗಡುಗಳನ್ನು ನೋಡಿಯೇ ಇರುತ್ತಾರೆ. ಯಾಕೆ ಹಾಕಿದ್ದು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರ ಒಂದೇ: ಅಮೆರಿಕನ್ನರ ಬಜೂಕಾ ರಾಕೆಟ್ ತಡೆಯಲು. ಪುಸ್ತಕಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಈ ಉತ್ತರ ಎಷ್ಟು ಸಲ ಬಂದಿದೆಯೆಂದರೆ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಅದು ಸರಿಯಲ್ಲ. ಈ ತಗಡು ಹುಟ್ಟಿದ್ದು ರಾಕೆಟ್‌ಗೆ ಹೆದರಿ ಅಲ್ಲ, ಇಬ್ಬರು ಸೈನಿಕರು ಹೆಗಲ ಮೇಲೆ ಹೊತ್ತೊಯ್ಯುವ ಒಂದು ಉದ್ದ ಬಂದೂಕಿಗೆ ಹೆದರಿ. ಆ ಕತೆಯನ್ನು ಸರಿಯಾಗಿ ತಿಳಿಯಬೇಕಾದದ್ದು ಮುಖ್ಯ. ಬಲಿಷ್ಠವೆಂದು ಹೆಸರಾದ ಸೈನ್ಯವೊಂದು ಎಷ್ಟು ಸರಳ ಆಯುಧದ ಮುಂದೆ ತಿಣುಕಾಡಿತು ಎಂಬುದು ಅದರಲ್ಲಿದೆ.

ಹದಿನೇಳು ಕೆ.ಜಿ. ಬಂದೂಕು

1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ಏರಿಹೋದಾಗ ರಷ್ಯನ್ ಪದಾತಿದಳದ ಬಳಿ ಟ್ಯಾಂಕ್ ನಿರೋಧಕ ಆಯುಧಗಳ ಕೊರತೆ ಬಹಳವಿತ್ತು. ಆಗ ವಿನ್ಯಾಸಕಾರರಾದ ವಸಿಲಿ ದೆಗ್ತ್ಯರ್ಯೋವ್ ಮತ್ತು ಸೆರ್ಗೆಯ್ ಸಿಮೊನೊವ್ ತರಾತುರಿಯಲ್ಲಿ ಎರಡು ಬಂದೂಕುಗಳನ್ನು ರೂಪಿಸಿಕೊಟ್ಟರು. ದೆಗ್ತ್ಯರ್ಯೋವ್‌ರದು ಒಂದು ಸಲಕ್ಕೆ ಒಂದೇ ಗುಂಡಿನದು. ಎರಡು ಮೀಟರ್ ಉದ್ದ, ಸುಮಾರು 17 ಕೆ.ಜಿ. ತೂಕ, ಕೊಳವೆ, ಬೋಲ್ಟು, ಒತ್ತುಹಲಗೆ ಬಿಟ್ಟರೆ ಹೆಚ್ಚೇನೂ ಇಲ್ಲ. ಸಾಮಾನ್ಯ ಲೇತು ಇರುವ ಕಾರ್ಖಾನೆಯಲ್ಲೂ ಮಾಡಬಹುದಾದಷ್ಟು ಸರಳ. ಯುದ್ಧ ಮುಗಿಯುವ ಹೊತ್ತಿಗೆ ಈ ಎರಡೂ ಬಗೆ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು.

ಗುಂಡಿನ ವ್ಯಾಸ 14.5 ಮಿ.ಮೀ., ತೂಕ 64 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 1000 ಮೀಟರ್. ಒಂದು ಬಗೆಯ ಗುಂಡಿನ ಒಳಗೆ ಟಂಗ್‌ಸ್ಟನ್ ಕಾರ್ಬೈಡಿನ ತಿರುಳು ಇರುತ್ತಿತ್ತು. ಪೀಣ್ಯದಲ್ಲಿ ಲೇತು ತಿರುಗಿಸುವವರು ಬಳಸುವ ಟೂಲ್ ಬಿಟ್‌ನ ತುದಿಯೂ ಇದೇ ವಸ್ತು. ಅತಿ ಗಟ್ಟಿ, ಆದರೆ ಅಡ್ಡ ಪೆಟ್ಟು ಬಿದ್ದರೆ ಚಟಕ್ಕನೆ ಮುರಿಯುವಂಥದ್ದು. ನೂರು ಮೀಟರ್ ಒಳಗಿನಿಂದ ನೇರವಾಗಿ ಹೊಡೆದರೆ ಈ ಗುಂಡು ಮೂವತ್ತು ಚಿಲ್ಲರೆ ಮಿಲಿಮೀಟರ್ ಕವಚವನ್ನು ತೂರಿ ಒಳಗೆ ಹೋಗುತ್ತಿತ್ತು.

ಜರ್ಮನ್ನರ ತಲೆನೋವು ಇಲ್ಲೇ ಶುರು. ಅವರ ಸೈನ್ಯದ ಬೆನ್ನೆಲುಬಾಗಿದ್ದ ಪಾಂಜರ್ 3, ಪಾಂಜರ್ 4 ಟ್ಯಾಂಕುಗಳು ಹಾಗೂ ಶ್ಟುಗ್ ಎಂಬ, ಟರೆಟ್ (ಮೇಲಿನ ತಿರುಗುವ ಗೋಪುರ) ಇಲ್ಲದ ಫಿರಂಗಿ ಗಾಡಿ, ಈ ಮೂರಕ್ಕೂ ಪಕ್ಕದ ಕವಚ ಕೇವಲ 30 ಮಿ.ಮೀ. ಮುಂಭಾಗವನ್ನು ಯುದ್ಧ ನಡೆದಂತೆಲ್ಲ ದಪ್ಪ ಮಾಡುತ್ತ ಹೋಗಿದ್ದರು, ಪಕ್ಕಕ್ಕೆ ಕೈ ಹಾಕಿರಲಿಲ್ಲ. ರಷ್ಯನ್ ಸೈನಿಕರಿಗೆ ಅದು ಗೊತ್ತಿತ್ತು. ಕಂದಕದಲ್ಲಿ ಅಡಗಿ, ಟ್ಯಾಂಕು ತಮ್ಮನ್ನು ದಾಟುವವರೆಗೆ ತಾಳಿಕೊಂಡು, ಆಮೇಲೆ ಪಕ್ಕಕ್ಕೆ ಹೊಡೆಯುತ್ತಿದ್ದರು. ಹತ್ತಾರು ಟನ್ನಿನ ಯಂತ್ರ ನೂರು ಮೀಟರಿಗಿಂತ ಹತ್ತಿರ ಬರುವವರೆಗೆ ನೆಲದೊಳಗೆ ಕೂತು ಕಾಯಬೇಕೆಂದರೆ ಅದಕ್ಕೆ ಬೇಕಾದ ಎದೆಗಾರಿಕೆ ಸಾಮಾನ್ಯದ್ದಲ್ಲ.

ಪಕ್ಕದ ಕವಚವನ್ನೇ ದಪ್ಪ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಉಕ್ಕಿನ ಹಾಳೆ ಒಂದು ಮಿಲಿಮೀಟರ್ ದಪ್ಪವಿದ್ದರೆ ಹತ್ತಿರ ಹತ್ತಿರ 8 ಕೆ.ಜಿ. ತೂಗುತ್ತದೆ. ಟ್ಯಾಂಕಿನ ಎರಡೂ ಪಕ್ಕ ಸೇರಿ ಹತ್ತು ಚದರ ಮೀಟರ್ ಎಂದುಕೊಂಡರೂ 20 ಮಿ.ಮೀ. ಹೆಚ್ಚಿಸಿದರೆ ಒಂದೂವರೆ ಟನ್ನಿಗೆ ಮೇಲಾಯಿತು. ಪಾಂಜರ್ 4 ಹುಟ್ಟಿದಾಗ ಸುಮಾರು 18 ಟನ್ ಇದ್ದದ್ದು 1943ರ ಹೊತ್ತಿಗೆ 25 ಟನ್ ಆಗಿತ್ತು. ಅದರ ಪಟ್ಟಾ ಸ್ಪ್ರಿಂಗುಗಳು ಆಗಲೇ ಸುಸ್ತಾಗಿದ್ದವು. ಹೊಸ ಕವಚವೆಂದರೆ ಹೊಸ ಅಚ್ಚು, ಹೊಸ ಜಿಗ್ಗು, ತಿಂಗಳುಗಟ್ಟಲೆ ನಿಂತುಹೋಗುವ ಉತ್ಪಾದನೆ. ಸ್ಟಾಲಿನ್‌ಗ್ರಾಡ್‌ನಲ್ಲಿ ಒಂದಿಡೀ ಸೈನ್ಯವನ್ನು ಕಳೆದುಕೊಂಡಿದ್ದ ಜರ್ಮನಿಗೆ ಆ ವ್ಯವಧಾನ ಇರಲಿಲ್ಲ.

1943ರ ಫೆಬ್ರುವರಿ ಮೊದಲ ವಾರದಲ್ಲಿ ಈ ತೂಗುತಗಡಿನ ಯೋಜನೆ ಹಿಟ್ಲರನ ಮುಂದೆ ಬಂತು. ಫೆಬ್ರುವರಿ 20ರಂದು ಪರೀಕ್ಷೆ ನಡೆಯಿತು. ಆ ಪರೀಕ್ಷೆಯಲ್ಲಿ ಬಳಸಿದ್ದು ಯಾವ ಆಯುಧ ಎಂಬುದೇ ಇಡೀ ವಾದಕ್ಕೆ ಉತ್ತರ. ನೂರು ಮೀಟರ್ ದೂರದಿಂದ ರಷ್ಯನ್ 14.5 ಮಿ.ಮೀ. ಬಂದೂಕು ಹಾರಿಸಿದರು, ರಷ್ಯನ್ ಫಿರಂಗಿಯ ಸಿಡಿಗುಂಡನ್ನೂ ಹೊಡೆದು ನೋಡಿದರು. ತಗಡಿನ ಹಿಂದಿದ್ದ 30 ಮಿ.ಮೀ. ಕವಚ ತೂತಾಗಲಿಲ್ಲ, ಬಿರಿಯಲೂ ಇಲ್ಲ. ತಗಡಿನ ಜೊತೆ ತಂತಿ ಜಾಲರಿಯನ್ನೂ ಪರೀಕ್ಷಿಸಿದ್ದರು. ಅದೂ ಅಷ್ಟೇ ಚೆನ್ನಾಗಿ ತಡೆಯಿತು. ಜಾಲರಿ ಹಗುರ, ಆದರೆ ಅದನ್ನು ಹೊಂದಿಸಿಕೊಳ್ಳಲು ಸಮಯ ಹಿಡಿಯುತ್ತಿತ್ತು. ತಗಡು ಕೈಗೆ ಸಿಗುವಂತಿತ್ತು. ತಗಡೇ ಗೆದ್ದಿತು.

ತಗಡು ಮಾಡಿದ ಕೆಲಸ

ಪೀಣ್ಯದ ಯಾವುದೇ ಫ್ಯಾಬ್ರಿಕೇಷನ್ ಶೆಡ್ಡಿಗೆ ಹೋದರೂ ಐದು ಎಂ.ಎಂ. ಪ್ಲೇಟು ಗೋಡೆಗೆ ಒರಗಿಸಿಟ್ಟಿರುತ್ತಾರೆ. ಶಿಯರಿಂಗ್ ಮೆಷಿನ್ನಿನಲ್ಲಿ ಅಳತೆಗೆ ಕತ್ತರಿಸಿ, ಡ್ರಿಲ್ ಹೊಡೆದು, ಮೇಲಂಚಿಗೆ ಹುಕ್ಕು ವೆಲ್ಡ್ ಮಾಡಿ ಕೊಡಲು ಪಳಗಿದ ಕೆಲಸಗಾರನಿಗೆ ಹೆಚ್ಚು ಹೊತ್ತು ಬೇಡ. ಚದರ ಮೀಟರಿಗೆ 39 ಕೆ.ಜಿ.; ಇಬ್ಬರು ಹಿಡಿದು ಎತ್ತಬಹುದು. ಜರ್ಮನ್ ಟ್ಯಾಂಕಿನ ಪಕ್ಕದ ತಗಡೂ ಇದೇ ದಪ್ಪ, ಇದೇ ಬಗೆಯ ಹದಗೊಳಿಸದ ಸಾಧಾರಣ ಉಕ್ಕು. ಟರೆಟ್‌ ಸುತ್ತ ಹಾಕಿದ್ದು ಮಾತ್ರ 8 ಮಿ.ಮೀ. ಟ್ಯಾಂಕಿನ ಒಡಲಿಂದ ಚಾಚಿದ ಬ್ರಾಕೆಟ್‌ಗಳ ಮೇಲೆ ಉದ್ದಕ್ಕೆ ಒಂದು ಪಟ್ಟಿ, ಅದಕ್ಕೆ ಸಾಲಾಗಿ ತಗಡುಗಳು. ಬೇಕಾದಾಗ ಕೈಯಲ್ಲೇ ಬಿಚ್ಚಿ ತೆಗೆಯಬಹುದು. ಒಡಲಿನ ಪಕ್ಕಗಳಿಗೆ ಒಟ್ಟು ನಾಲ್ಕುನೂರು ಕೆ.ಜಿ. ಆಸುಪಾಸು. ಒಂದೂವರೆ ಟನ್ನಿನ ಜಾಗದಲ್ಲಿ ಅರ್ಧ ಟನ್ನಿಗೂ ಕಡಿಮೆ.

ಇಷ್ಟು ತೆಳು ತಗಡು ಗುಂಡನ್ನು ನಿಲ್ಲಿಸುವುದಿಲ್ಲ. ಗುಂಡು ಅದನ್ನು ಸಲೀಸಾಗಿ ತೂರಿ ಹೋಗುತ್ತದೆ. ಆದರೆ ತೂರುವಾಗ ಅದರ ದಿಕ್ಕು ಕೆಡುತ್ತದೆ. ಅಲ್ಲಿಯವರೆಗೆ ಮೂತಿ ಮುಂದಿಟ್ಟುಕೊಂಡು ತಿರುಗುತ್ತ ಬಂದದ್ದು ತಗಡು ದಾಟಿದ ಮೇಲೆ ಓಲಾಡತೊಡಗುತ್ತದೆ. ಒಳಗಿನ ಕಾರ್ಬೈಡ್ ತಿರುಳು ಬಿರುಕು ಬಿಡುತ್ತದೆ. ತಗಡಿಗೂ ಅಸಲಿ ಕವಚಕ್ಕೂ ನಡುವೆ ಇರುವ ಖಾಲಿ ಜಾಗದಲ್ಲಿ ಈ ಓಲಾಟ ಇನ್ನಷ್ಟು ಹೆಚ್ಚಿ, ಕವಚಕ್ಕೆ ತಾಗುವ ಹೊತ್ತಿಗೆ ಗುಂಡು ಅಡ್ಡಡ್ಡಲಾಗಿ ಬಡಿಯುತ್ತದೆ. ಚೂಪು ತುದಿಯಲ್ಲಿ ಕೇಂದ್ರೀಕರಿಸಿದ್ದ ಶಕ್ತಿ ಉದ್ದಕ್ಕೆ ಹಂಚಿಹೋಗುತ್ತದೆ. ಉಳಿಯುವುದು ಒಂದು ತಗ್ಗು, ಗೀರು. ಇದೇ ತಗಡನ್ನು ಕವಚಕ್ಕೆ ಅಂಟಿಸಿ ಬೋಲ್ಟ್ ಮಾಡಿದ್ದರೆ ಇಷ್ಟು ಪ್ರಯೋಜನ ಸಿಗುತ್ತಿರಲಿಲ್ಲ. ಕಾಪಾಡಿದ್ದು ತಗಡು ಮತ್ತು ಕವಚದ ನಡುವಿನ ಗಾಳಿ.

ಈಗ ಬಜೂಕಾ ವಾದಕ್ಕೆ ಬರೋಣ. ಬಜೂಕಾ ಮೊದಲು ಯುದ್ಧರಂಗಕ್ಕೆ ಬಂದದ್ದು 1942ರ ಕೊನೆಯಲ್ಲಿ, ಉತ್ತರ ಆಫ್ರಿಕಾದಲ್ಲಿ, ಕೆಲವೇ ಸಂಖ್ಯೆಯಲ್ಲಿ. ಬ್ರಿಟಿಷರ ಅಂಥದೇ ಆಯುಧ ಪಿಯಟ್ ಬಂದದ್ದು 1943ರ ಜುಲೈಯಲ್ಲಿ, ಸಿಸಿಲಿಯಲ್ಲಿ. ಆ ಹೊತ್ತಿಗೆ ಜರ್ಮನ್ ಟ್ಯಾಂಕುಗಳು ತಗಡು ತೊಟ್ಟು ರಷ್ಯದ ಕುರ್ಸ್ಕ್ ರಣರಂಗಕ್ಕೆ ಇಳಿದಾಗಿತ್ತು. ಜುಲೈ 5ರಂದು ಅಲ್ಲಿ ಕಾಳಗ ಶುರುವಾಯಿತು. ತಾರೀಕುಗಳು ಬಜೂಕಾ ವಾದಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಅದಕ್ಕಿಂತ ಗಟ್ಟಿ ಸಾಕ್ಷಿ ಜರ್ಮನ್ನರದೇ ಟೈಗರ್ ಟ್ಯಾಂಕು. ಅದರ ಪಕ್ಕದ ಕವಚ ಮೇಲ್ಭಾಗದಲ್ಲಿ 80, ಕೆಳಗೆ 60 ಮಿ.ಮೀ. ಅಂದರೆ ರಷ್ಯನ್ ಬಂದೂಕಿಗೆ ಜಗ್ಗುವಂಥದ್ದಲ್ಲ, ಆದರೆ ರಾಕೆಟ್‌ಗೆ ಜಗ್ಗಬಹುದಾದದ್ದೇ. ತಗಡು ರಾಕೆಟ್ ತಡೆಯಲೆಂದೇ ಇದ್ದಿದ್ದರೆ ಅತ್ಯಂತ ದುಬಾರಿಯಾದ ಟೈಗರ್‌ಗೆ ಮೊದಲು ಹಾಕಬೇಕಿತ್ತು. ಹಾಕಲೇ ಇಲ್ಲ. ಅವರ ಇನ್ನೊಂದು ಟ್ಯಾಂಕು ಪ್ಯಾಂಥರ್ ಇನ್ನೂ ಚೆನ್ನಾಗಿ ಗುಟ್ಟು ಬಿಟ್ಟುಕೊಡುತ್ತದೆ. ಅದರ ಪಕ್ಕದಲ್ಲಿ ಚಕ್ರಗಳ ಮೇಲಂಚು ಮತ್ತು ಮೇಲಿನ ಇಳಿಜಾರು ಕವಚದ ನಡುವೆ, ನೇರವಾಗಿ ನಿಂತ 40 ಮಿ.ಮೀ. ಕವಚದ ಒಂದು ಪಟ್ಟಿ ಹೊರಗೆ ಕಾಣುತ್ತಿತ್ತು. ಪ್ಯಾಂಥರ್‌ನ ತಗಡು ಸರಿಯಾಗಿ ಅಷ್ಟೇ ಜಾಗವನ್ನು ಮುಚ್ಚುತ್ತದೆ, ಅದಕ್ಕಿಂತ ಒಂದು ಗೇಣೂ ಹೆಚ್ಚಿಲ್ಲ. ಈ ಒಂದು ಪಟ್ಟಿಯ ಭಯಕ್ಕೆ, ಪಕ್ಕದ ಕವಚವನ್ನು 60 ಮಿ.ಮೀ.ಗೆ ಏರಿಸಿದ ಪ್ಯಾಂಥರ್ 2 ಎಂಬ ಹೊಸ ಟ್ಯಾಂಕನ್ನೇ ಜರ್ಮನ್ನರು ಯೋಜಿಸಿದ್ದರು. ತಗಡು ಸಾಕು ಎಂದು ಗೊತ್ತಾದ ಮೇಲೆ ಆ ಯೋಜನೆ ಮೂಲೆ ಸೇರಿತು.

ತಗಡು ರಾಕೆಟ್‌ಗೂ ಸ್ವಲ್ಪ ಅಡ್ಡಿಯಾಗಿರಬೇಕಲ್ಲ ಎನ್ನುವವರಿದ್ದಾರೆ. ಬಜೂಕಾದ ರಾಕೆಟ್ ಕವಚವನ್ನು ಗುದ್ದಿ ಒಡೆಯುವುದಿಲ್ಲ. ಅದರ ಮೂತಿಯೊಳಗೆ ಆಲಿಕೆಯಂತಹ ತಾಮ್ರದ ಅಥವಾ ಉಕ್ಕಿನ ಶಂಕು ಇರುತ್ತದೆ, ಹಿಂದೆ ಸಿಡಿಮದ್ದು. ಮದ್ದು ಸಿಡಿದಾಗ ಶಂಕು ಕುಗ್ಗಿ, ಸೂಜಿಯಂಥ ಲೋಹದ ಧಾರೆಯಾಗಿ ಚಿಮ್ಮುತ್ತದೆ. ಈ ಧಾರೆ ಪೂರ್ತಿ ಚಾಚಿಕೊಳ್ಳಲು ಸ್ವಲ್ಪ ದೂರ ಬೇಕು. ಆರಂಭದ ಅಂತರ ಅದಕ್ಕೆ ಅನುಕೂಲವೇ. ಬಹಳ ದೂರವಾದಾಗ ಮಾತ್ರ ಅದು ಚದುರಿ ನಿತ್ರಾಣವಾಗುತ್ತದೆ. ಅಂದಿನ ಬಜೂಕಾ 75 ಮಿ.ಮೀ.ಗೂ ಹೆಚ್ಚು ಉಕ್ಕನ್ನು ಕೊರೆಯಬಲ್ಲದಾಗಿತ್ತು. ತಗಡಿನಿಂದ ಅದರ ಅರ್ಧ ಶಕ್ತಿ ಹೋಯಿತೆಂದೇ ಇಟ್ಟುಕೊಂಡರೂ 30 ಮಿ.ಮೀ. ಕವಚ ತೂರಲು ಉಳಿದದ್ದು ಸಾಕು.

1944ರ ಶರತ್ಕಾಲದ ನಂತರ ಪಾಂಜರ್ 4ರ ಕೊನೆಯ ಮಾದರಿಗೆ ತಗಡಿನ ಬದಲು ತಂತಿ ಜಾಲರಿ ಬಂತು. ಮೊದಲ ಪರೀಕ್ಷೆಯಲ್ಲೇ ಪಾಸಾಗಿದ್ದ ಜಾಲರಿ ಅದು. ಉಕ್ಕಿನ ಅಭಾವ, ತೂಕದ ಚಿಂತೆ ಎರಡೂ ಅದನ್ನು ಮರಳಿ ಕರೆತಂದವು.

ರಣರಂಗದಲ್ಲಿ ತಗಡಿನ ಪಾಡು ಬೇರೆಯೇ. ಪೊದೆ, ಮರ, ಹಳ್ಳಿಯ ಕಿರುಓಣಿಯ ಗೋಡೆ, ಯಾವುದಕ್ಕೆ ಸಿಕ್ಕಿಕೊಂಡರೂ ಕಳಚಿ ಬೀಳುತ್ತಿತ್ತು. ಹಳೆಯ ಚಿತ್ರಗಳಲ್ಲಿ ಹಲ್ಲುದುರಿದ ಬಾಯಂತೆ ನಡುನಡುವೆ ತಗಡಿಲ್ಲದ ಟ್ಯಾಂಕುಗಳೇ ಹೆಚ್ಚು. ಕೆಲವಕ್ಕೆ ಬರಿಯ ಬ್ರಾಕೆಟ್ಟು ಉಳಿದಿರುತ್ತದೆ. ಟರೆಟ್‌ ಸುತ್ತ ತಗಡು ತೊಟ್ಟ ಪಾಂಜರ್ 4 ದೂರದಿಂದ ದೊಡ್ಡದಾಗಿ ಕಂಡು, ಅದನ್ನೇ ಟೈಗರ್ ಎಂದು ತಿಳಿದು ಗಾಬರಿಗೊಂಡ ಮಿತ್ರಪಡೆಯ ಸೈನಿಕರೂ ಕಡಿಮೆಯಿಲ್ಲ.

ಈ ಯಂತ್ರಗಳ ಜಾಣ್ಮೆಯನ್ನು ಹೊಗಳುವಾಗ ಅವನ್ನು ಮಾಡಿದ ಕೈಗಳು ಯಾರವು ಎಂಬುದನ್ನು ಮರೆಯಬಾರದು. ಅಷ್ಟನ್ನು ಹೇಳದೆ ಜರ್ಮನ್ ಟ್ಯಾಂಕುಗಳ ಬಗ್ಗೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಪಾಂಜರ್ 4 ತಯಾರಾಗುತ್ತಿದ್ದ ಮುಖ್ಯ ಕಾರ್ಖಾನೆ ಆಸ್ಟ್ರಿಯಾದ ಸಾಂಕ್ಟ್ ವಾಲೆಂಟಿನ್‌ನಲ್ಲಿತ್ತು. ಆಕ್ರಮಿತ ದೇಶಗಳಿಂದ ಹಿಡಿದು ತಂದ ಜನರನ್ನು ಅಲ್ಲಿ ಜೀತಕ್ಕೆ ಹಚ್ಚಿದ್ದರು. 1944ರ ಆಗಸ್ಟ್‌ನಲ್ಲಿ ಮೌತ್‌ಹೌಸೆನ್ ಯಾತನಾ ಶಿಬಿರದ ಒಂದು ಉಪಶಿಬಿರವೇ ಅಲ್ಲಿ ತೆರೆಯಿತು. ಪ್ಯಾಂಥರ್ ತಯಾರಿಸಿದ ಕಂಪನಿಗಳಲ್ಲಿ ಡೈಮ್ಲರ್-ಬೆಂಝ್ ಒಂದು. ಯುದ್ಧಕಾಲದಲ್ಲಿ ತನ್ನ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆ ನಡೆದದ್ದನ್ನು ಆ ಕಂಪನಿ ಮುಂದೆ ಒಪ್ಪಿಕೊಂಡಿತು. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ ಬದುಕುಳಿದವರಿಗಾಗಿ ಸ್ಥಾಪಿಸಿದ ನಿಧಿಗೆ ಹಣವನ್ನೂ ಕೊಟ್ಟಿತು. 1996ರಲ್ಲಿ ಬೆಂಗಳೂರಿಗೆ ಬಂದು, ಈಗ ವೈಟ್‌ಫೀಲ್ಡ್‌ನಲ್ಲಿ ನಮ್ಮ ಸಾವಿರಾರು ಎಂಜಿನಿಯರುಗಳಿಗೆ ಕೆಲಸ ಕೊಟ್ಟಿರುವ ಸಂಶೋಧನಾ ಕೇಂದ್ರದ ಮೂಲವೂ ಆ ಕಂಪನಿಯೇ. ಅಲ್ಲಿ ದುಡಿಯುವ ಯುವಕರಿಗೆ ಈ ಚರಿತ್ರೆ ತಿಳಿದಿರಬೇಕು. ಜರ್ಮನ್ನರು ತಮ್ಮ ಮಕ್ಕಳಿಗೆ ಅದನ್ನು ಶಾಲೆಯಲ್ಲೇ ಕಲಿಸುತ್ತಾರೆ.

ಜಾಲಹಳ್ಳಿಯಿಂದ ಕೆಜಿಎಫ್‌ವರೆಗೆ

ಪಕ್ಕಕ್ಕೆ ಹೊರಕವಚ ಕೊಡುವ ವಿಚಾರ ಜರ್ಮನ್ನರಿಗೇ ಮೊದಲು ಹೊಳೆದದ್ದಲ್ಲ. ಬ್ರಿಟಿಷರ ಮಟಿಲ್ಡಾ ಟ್ಯಾಂಕಿನ ಮೂಲ ವಿನ್ಯಾಸದಲ್ಲೇ ಅದಿತ್ತು. ಒಳಗೆ 40 ಮಿ.ಮೀ., ಚೈನು ಮತ್ತು ಚಕ್ರಗಳನ್ನು ಮುಚ್ಚುವಂತೆ ಹೊರಗೆ 25 ಮಿ.ಮೀ. ಇದು ತೂಗುಹಾಕಿದ ತಗಡಲ್ಲ, ಅಸಲಿ ಕವಚವೇ. 1940ರ ಡಿಸೆಂಬರ್ 9ರಂದು ಈಜಿಪ್ಟಿನ ಮರಳುಗಾಡಿನ ನಿಬೇವಾ ಶಿಬಿರದ ಮೇಲೆ ಮಟಿಲ್ಡಾಗಳು ನಮ್ಮ 4ನೇ ಭಾರತೀಯ ಡಿವಿಜನ್ನಿನ ಸೈನಿಕರೊಂದಿಗೆ ನುಗ್ಗಿದಾಗ, ಇಟಲಿಯ 47 ಮಿ.ಮೀ. ಫಿರಂಗಿಗಳ ಗುಂಡುಗಳು ಅವಕ್ಕೆ ತಾಗಿ ಸಿಡಿದು ಹೋದವೇ ಹೊರತು ಒಳಗೆ ಇಳಿಯಲಿಲ್ಲ. ಎರಡು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಸೆರೆಸಿಕ್ಕರು.

ಅವರಲ್ಲಿ ಸಾವಿರಾರು ಮಂದಿಯನ್ನು ಹಡಗಿನಲ್ಲಿ ಭಾರತಕ್ಕೆ ಸಾಗಿಸಿ, ಬೆಂಗಳೂರಿನ ಜಾಲಹಳ್ಳಿಯ ಶಿಬಿರಗಳಲ್ಲೂ ಇರಿಸಿದ್ದರು. ಇಂದು ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡೇ ಇರುವ ಜಾಲಹಳ್ಳಿ ಅದು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅಲ್ಲಿ ತಲೆಯೆತ್ತಿತು. ಮರುಭೂಮಿಯಲ್ಲಿ ಕವಚದ ಎದುರು ಸೋತವರು ಕೊನೆಗೆ ತಲುಪಿದ ಊರು ನಮ್ಮದು ಎಂಬುದನ್ನು ಈಗ ನೆನೆಯುವವರು ಕಡಿಮೆ.

ಯುದ್ಧ ಮುಗಿದ ಮೇಲೆ ತಗಡಿನ ಕೆಲಸ ನಿಜಕ್ಕೂ ಬದಲಾಯಿತು. ಬ್ರಿಟಿಷರ ಸೆಂಚುರಿಯನ್ ಟ್ಯಾಂಕಿನ 6 ಮಿ.ಮೀ. ಪಕ್ಕದ ತಗಡುಗಳು ರಾಕೆಟ್ ಬಗೆಯ ಆಯುಧಗಳನ್ನೇ ಗುರಿಯಾಗಿಟ್ಟುಕೊಂಡವು. ಕೆಸರು ತುಂಬಿಕೊಳ್ಳುತ್ತದೆಂದು ಅವನ್ನು ಬಿಚ್ಚಿಡುತ್ತಿದ್ದ ದಳಗಳೂ ಉಂಟು. ಭಾರತೀಯ ಸೇನೆ 1965 ಮತ್ತು 1971ರ ಯುದ್ಧಗಳಲ್ಲಿ ಸೆಂಚುರಿಯನ್ ನೆಚ್ಚಿಕೊಂಡಿತ್ತು. 1971ರ ಡಿಸೆಂಬರ್‌ನಲ್ಲಿ ಬಸಂತರ್ ನದಿಯ ಬಳಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೋರಾಡಿ ಮಡಿದದ್ದು ಅದರಲ್ಲೇ. ಆ ಟ್ಯಾಂಕುಗಳಿಗೆ ನೆಲಬಾಂಬುಗಳ ನಡುವೆ ದಾರಿ ಮಾಡಿಕೊಟ್ಟದ್ದು 9ನೇ ಎಂಜಿನಿಯರ್ ರೆಜಿಮೆಂಟ್. ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದ ದಳ.

ಆಮೇಲೆ ಬಂದ ಟಿ-72ರ ಮೊದಲ ಮಾದರಿಗಳಲ್ಲಿ ರಷ್ಯನ್ನರು ಬೇರೆಯೇ ಉಪಾಯ ಮಾಡಿದ್ದರು. ಪ್ರತಿ ಪಕ್ಕಕ್ಕೆ ನಾಲ್ಕು ಹಲಗೆಗಳು. ಕಾಳಗದ ಹೊತ್ತಿಗೆ ಸ್ಪ್ರಿಂಗಿನ ಬಲದಿಂದ ಮೀನಿನ ಕಿವಿರಿನಂತೆ ಹೊರಕ್ಕೆ ತೆರೆದುಕೊಳ್ಳುತ್ತಿದ್ದವು. ರಾಕೆಟ್ ಆದಷ್ಟು ದೂರದಲ್ಲೇ ಸಿಡಿಯಲಿ ಎಂಬ ಉದ್ದೇಶ. ನಂತರದ ಮಾದರಿಗಳಲ್ಲಿ ಉದ್ದಕ್ಕೂ ರಬ್ಬರ್ ಹೊದಿಕೆ ಬಂತು. ಇತ್ತೀಚಿನ ಯುದ್ಧಗಳಲ್ಲಿ ಅಪಾಯ ಮೇಲಿನಿಂದ ಬರುತ್ತಿದೆ. ಅಗ್ಗದ ಡ್ರೋನು ಕೋಟಿಗಟ್ಟಲೆ ಬೆಲೆಯ ಟ್ಯಾಂಕಿನ ನೆತ್ತಿಗೆ ಎರಗುತ್ತದೆ. ಉಕ್ರೇನ್‌ನಲ್ಲಿ, ಗಾಜಾದಲ್ಲಿ ಟ್ಯಾಂಕುಗಳ ತಲೆಯ ಮೇಲೆ ಕಬ್ಬಿಣದ ಪಂಜರ ಕಾಣತೊಡಗಿದ್ದು ಅದಕ್ಕೇ. 1943ರಲ್ಲಿ ಬಂದೂಕು ಹಿಡಿದ ಇಬ್ಬರು ಒಡ್ಡಿದ ಸಮಸ್ಯೆಯೇ ಇದು. ಉತ್ತರವೂ ಮತ್ತೆ ತಗಡು, ಜಾಲರಿ, ನಡುವೆ ಖಾಲಿ ಜಾಗ.

ಕರ್ನಾಟಕದಲ್ಲಿ ಈ ವಿದ್ಯೆಗೆ ಹತ್ತಿರದ ಮನೆ ಬೆಮೆಲ್. 1964ರಲ್ಲಿ ಸ್ಥಾಪನೆಯಾದ ಈ ಸಾರ್ವಜನಿಕ ಸಂಸ್ಥೆಯನ್ನು ಬೆಳ್ಳಂದೂರಿನವರು ಇನ್ನು ಮುಂದೆ ಮೆಟ್ರೊ ಮೂಲಕ ಅರಿಯುತ್ತಾರೆ. ಹೊರವರ್ತುಲ ರಸ್ತೆಯ ನೀಲಿ ಮಾರ್ಗಕ್ಕೆ ಬೋಗಿ ಒದಗಿಸುವ ಗುತ್ತಿಗೆ 2023ರಲ್ಲಿ ಅದರ ಪಾಲಾಯಿತು. ಆದರೆ ಅದರ ಕೆಜಿಎಫ್ ಘಟಕದ ಕತೆ ಬೇರೆ. ಮಣ್ಣು ಬಗೆಯುವ ಯಂತ್ರಗಳ ಜೊತೆಗೆ, ಕೆಟ್ಟು ನಿಂತ ಟ್ಯಾಂಕುಗಳನ್ನು ರಣರಂಗದಿಂದ ಎಳೆದು ತರುವ ಕವಚದ ಗಾಡಿಗಳ ಕೆಲಸವನ್ನೂ ಬೆಮೆಲ್ ಮಾಡಿದೆ. 2020ರ ಜುಲೈಯಲ್ಲಿ ಟಿ-90 ಟ್ಯಾಂಕುಗಳ ಮುಂದೆ ಕಟ್ಟುವ 1,512 ನೆಲಬಾಂಬ್ ನೇಗಿಲುಗಳಿಗಾಗಿ ರಕ್ಷಣಾ ಸಚಿವಾಲಯ ಬೆಮೆಲ್ ಜೊತೆ 557 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಬಸಂತರ್‌ನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಜೀವ ಪಣಕ್ಕಿಟ್ಟು ಮಾಡಿದ ಕೆಲಸವನ್ನು ಟ್ಯಾಂಕೇ ಮಾಡಿಕೊಳ್ಳುವ ಉಪಕರಣ ಅದು. ಇಂಥ ಕೆಲಸ ನಮ್ಮ ನಾಡಿನಲ್ಲೇ ನಡೆಯುತ್ತಿದ್ದರೂ ಎಂಜಿನಿಯರಿಂಗ್ ಓದುವ ಕನ್ನಡದ ಮಕ್ಕಳಿಗೆ ಅದರ ಸುದ್ದಿ ತಲುಪುವುದು ಅಪರೂಪ. ಕಾಲೇಜುಗಳು ವಿದ್ಯಾರ್ಥಿಗಳನ್ನು ಕೆಜಿಎಫ್‌ಗೂ ಕರೆದೊಯ್ಯುವ ಮನಸ್ಸು ಮಾಡಬೇಕು.

ಈ ಕವಚಗಳನ್ನು ಕಣ್ಣಾರೆ ನೋಡುವ ಆಸೆಯುಳ್ಳವರು ಮಹಾರಾಷ್ಟ್ರದ ಅಹಮದ್‌ನಗರಕ್ಕೆ, ಅಂದರೆ ಈಗಿನ ಅಹಿಲ್ಯಾನಗರಕ್ಕೆ ಹೋಗಬಹುದು. ಪುಣೆಯಿಂದ ಸುಮಾರು 120 ಕಿ.ಮೀ. ಸೇನೆಯ ಟ್ಯಾಂಕ್ ವಸ್ತುಸಂಗ್ರಹಾಲಯ 1994ರಿಂದ ಅಲ್ಲಿದೆ. ಮಟಿಲ್ಡಾ, ಸೆಂಚುರಿಯನ್ ಎರಡೂ ಇವೆ. ಮಟಿಲ್ಡಾದ ಪಕ್ಕದ ಕವಚದಲ್ಲಿ ಕೆಸರು ಇಳಿದುಹೋಗಲು ಬಿಟ್ಟ ಕಂಡಿಗಳನ್ನು ನೋಡಲು ಮರೆಯಬೇಡಿ. ಕೆಲಸದ ಮೇಲೆ ಜರ್ಮನಿಗೆ ಹೋಗುವವರು ಹ್ಯಾಂಬರ್ಗ್ ಮತ್ತು ಹ್ಯಾನೋವರ್ ನಡುವಿನ ಮುನ್‌ಸ್ಟರ್ ಎಂಬ ಸಣ್ಣ ಊರಿನ ಟ್ಯಾಂಕ್ ಮ್ಯೂಸಿಯಂಗೆ ಒಂದು ದಿನ ಮೀಸಲಿಡಿ. ಟಿಕೆಟ್ ತೆಗೆಯುವಾಗ ಮಾತ್ರ ಎಚ್ಚರವಿರಲಿ: ಹೆಚ್ಚುಕಡಿಮೆ ಇದೇ ಹೆಸರಿನ ಇನ್ನೊಂದು ದೊಡ್ಡ ನಗರ ಪಶ್ಚಿಮ ಜರ್ಮನಿಯಲ್ಲಿದೆ. ಅಲ್ಲಿ ಟ್ಯಾಂಕುಗಳಿಲ್ಲ.